ಹೇರು ಮತ್ತು ಏರು

ಮುಂಬಯಿಯಿಂದ ಹೊರಟ ಮಧ್ಯ ರೈಲ್ವೆಯ ಹಳಿ ಕಲ್ಯಾಣವನ್ನು ದಾಟಿದೊಡನೆ ಎರಡಾಗಿ ಕವಲೊಡೆದು, ಒಂದು ಕವಲು ಕಸಾರಾದ ಕಡೆಗೂ ಇನ್ನೊಂದು ಕರ್ಜತ್ತಿನ ಕಡೆಗೂ ಸಾಗುತ್ತದೆ. ಎರಡರ ಮುಂದೆಯೂ ಸಹ್ಯಾದ್ರಿ ಅಡ್ಡ ನಿಂತಿದೆ. ಥಳ ಘಾಟಿಯಲ್ಲಿಯೂ ಬೋರ ಘಾಟಿಯಲ್ಲಿಯೂ 37 ಅಡಿ ನಡೆಗೆ ಒಂದು ಅಡಿಯಂತೆ ಹಳಿ ಮೇಲೇರುವುದರಿಂದ, ಬಯಲಿನಲ್ಲಿ ಇಡೀ ಗಾಡಿಯನ್ನು ಸಲೀಸಾಗಿ ಎಳೆದು ತಂದ ಎಂಜಿನ್ನಿಗೆ ಅಲ್ಲಿ ‘ಬ್ಯಾಂಕರ್’ ಎಂದು ಕರೆಯುವ ಬೇರೆ ಎಂಜಿನ್ನುಗಳ ಒತ್ತಾಸೆ ಬೇಕಾಗುತ್ತದೆ. ಇದರಿಂದ ಮೊದಲಿನ ಎಂಜಿನ್ನಿಗೆ ಅವಮಾನವಾಯಿತೆಂದು ಯಾವ ರೈಲ್ವೆ ಅಧಿಕಾರಿಯೂ ಭಾವಿಸುವುದಿಲ್ಲ. ಹೇರನ್ನು ನಿಶ್ಚಯಿಸತಕ್ಕದ್ದು ಮುಂದಿರುವ ಏರಿನ ಪ್ರಮಾಣವೆಂಬ ಈ ಸಾಧಾರಣ ವಿವೇಕವು, ಅದೇ ಹಳಿಯ ಬದಿಯಲ್ಲಿ ವಾಸಿಸುವ ನಮ್ಮ ಮನೆಗಳಲ್ಲಿ ಹದಿನೈದು ಹದಿನಾರರ ಪ್ರಾಯದ ಮಕ್ಕಳ ಮೇಲೆ ಪಾಠವಿಷಯಗಳನ್ನು ಹೇರುವಾಗ ಏಕೆ ಮರೆತುಹೋಗುತ್ತದೆಂಬುದು ವಿಚಾರಾರ್ಹವಾದ ಸಂಗತಿ.

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಕೆಲವು ವಾರಗಳ ಕಾಲ ಬೇರೆ ಮಾತಿಗೆ ಎಡೆಯಿರುವುದಿಲ್ಲ. ಯಾವ ಜೂನಿಯರ್ ಕಾಲೇಜು, ಅದರ ‘ಕಟ್ ಆಫ್’ ಎಷ್ಟು, ಯಾವ ಕೋಚಿಂಗ್ ಕ್ಲಾಸು, ಕಾಲೇಜೂ ಕ್ಲಾಸೂ ಕೂಡಿದ ‘ಇಂಟಿಗ್ರೇಟೆಡ್’ ಆದರೆ ಶುಲ್ಕವೆಷ್ಟು ಎಂಬಿವೇ ಮೊದಲಾದ ಪ್ರಶ್ನೆಗಳು ರಾತ್ರಿ ಹನ್ನೊಂದರವರೆಗೆ ಚರ್ಚೆಯಾಗುತ್ತವೆ. ಆದರೆ ಇವೆಲ್ಲಕ್ಕೂ ಮೂಲವಾಗಿರಬೇಕಾದ ಪ್ರಶ್ನೆ, ಅಂದರೆ ಈ ಮಗು ಎರಡು ವರ್ಷಗಳ ಕಾಲ ಯಾವ ವಿಷಯಗಳನ್ನು, ಎಷ್ಟನ್ನು ಓದಬೇಕೆಂಬುದು, ಅರೆಗಳಿಗೆಯಲ್ಲಿ ಇತ್ಯರ್ಥವಾಗಿಬಿಡುತ್ತದೆ. ವಿಜ್ಞಾನ ಶಾಖೆಯಾದರಂತೂ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಪಿಸಿಎಂಬಿ ತೆಗೆದುಕೋ, ಎಲ್ಲವೂ ಇರಲಿ.’ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ.

‘ಎಲ್ಲವೂ ಇರಲಿ’ ಎಂಬುದು ಮಂಡಳಿಯ ವಿಧಿಯಲ್ಲವೆಂಬುದನ್ನು ಮೊದಲು ಗಮನಿಸಬೇಕು. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಖ್ಯವಾಗಿ ಆರು ವಿಷಯಗಳದು, 600 ಅಂಕಗಳದು. ಅವುಗಳಲ್ಲಿ ಇಂಗ್ಲಿಷ್ ಕಡ್ಡಾಯ. ಎರಡನೆಯದು ಇನ್ನೊಂದು ಭಾಷೆ, ಇಲ್ಲವೆ ಅದರ ಬದಲಿಗೆ ಮಾಹಿತಿ ತಂತ್ರಜ್ಞಾನ. ಮಿಕ್ಕ ನಾಲ್ಕು ಐಚ್ಛಿಕ. ಭೌತಶಾಸ್ತ್ರ ರಸಾಯನಶಾಸ್ತ್ರಗಳ ಜೊತೆಗೆ ಗಣಿತವನ್ನು ಹಿಡಿದವರು ಜೀವಶಾಸ್ತ್ರವನ್ನು ಬಿಟ್ಟು ಭೂಗೋಳವನ್ನೋ ಮನಶ್ಶಾಸ್ತ್ರವನ್ನೋ ತೆಗೆದುಕೊಳ್ಳಬಹುದು; ವೈದ್ಯವಿದ್ಯೆಯನ್ನು ಬಯಸುವವರು ಗಣಿತವನ್ನು ಬಿಡಬಹುದು; ‘ಬೈಫೋಕಲ್’ ಎಂದು ರೂಢಿಯಲ್ಲಿರುವ 200 ಅಂಕಗಳ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸನ್ನು ಆಯ್ದರೆ ಅದು ಎರಡನೆಯ ಭಾಷೆಯ ಮತ್ತು ಒಂದು ಐಚ್ಛಿಕದ ಸ್ಥಾನವನ್ನು ತಾನೇ ತುಂಬುತ್ತದೆ. ಹೀಗೆ ಆಯ್ಕೆಗೆ ಅವಕಾಶವಿದ್ದೂ ಆಯ್ಕೆಯನ್ನೇ ಮಾಡದೆ ಮುಂದೂಡುವುದಕ್ಕೆ ನಾವು ದೂರದೃಷ್ಟಿಯೆಂಬ ಹೆಸರನ್ನಿಟ್ಟಿದ್ದೇವೆ.

ಈ ದೂರದೃಷ್ಟಿಯ ಬೆಲೆಯನ್ನು ಎರಡು ಬಗೆಯಿಂದ ಲೆಕ್ಕ ಹಾಕಬಹುದು. ಮೊದಲನೆಯದು ಪರೀಕ್ಷೆಗಳ ಲೆಕ್ಕ. ನಾಲ್ಕೂ ವಿಷಯಗಳನ್ನು ಹೊತ್ತ ವಿದ್ಯಾರ್ಥಿ ಮಂಡಳಿಯ ಪರೀಕ್ಷೆಯೊಂದನ್ನೇ ಬರೆದು ಸುಮ್ಮನಾಗುವುದಿಲ್ಲ. ಎಂಜಿನಿಯರಿಂಗಿನ ಜೆಇಇ ಮೈನ್, ವೈದ್ಯವಿದ್ಯೆಯ ನೀಟ್, ರಾಜ್ಯದ ಪ್ರವೇಶಪರೀಕ್ಷೆಯಾದ ಸಿಇಟಿಯ ಪಿಸಿಎಂ ಗುಂಪು, ಪಿಸಿಬಿ ಗುಂಪು ಎಂಬ ನಾಲ್ಕು ಬಾಗಿಲುಗಳ ಮುಂದೆಯೂ ನಿಲ್ಲುತ್ತಾನೆ. ಇವು ನಾಲ್ಕೂ ಮೂರು ಮೂರು ಗಂಟೆಗಳ ಪರೀಕ್ಷೆಗಳೇ ಆದರೂ, ಜೆಇಇ ಮೈನಿನಲ್ಲಿ 75 ಪ್ರಶ್ನೆಗಳು, ಸಿಇಟಿಯ ಪಿಸಿಎಂನಲ್ಲಿ 150, ನೀಟಿನಲ್ಲಿ 180, ಸಿಇಟಿಯ ಪಿಸಿಬಿಯಲ್ಲಿ 200. ಒಂದು ಪ್ರಶ್ನೆಗೆ ಎರಡು ನಿಮಿಷಕ್ಕೂ ಮಿಕ್ಕ ಕಾಲವನ್ನಿತ್ತು ಆಲೋಚನೆಯನ್ನು ಬೇಡುವ ಪರೀಕ್ಷೆಗೂ, ಒಂದೇ ನಿಮಿಷದೊಳಗೆ ಸ್ಮೃತಿಯ ತ್ವರಿತ ಉತ್ತರವನ್ನು ಬೇಡುವ ಪರೀಕ್ಷೆಗೂ ಅಭ್ಯಾಸದ ರೀತಿಯೇ ಬೇರೆ. ನೀಟಿನಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುತ್ತಾರಾದ್ದರಿಂದ ತಿಳಿಯದಿದ್ದರೆ ಬಿಡುವುದು ಜಾಣತನ. ಸಿಇಟಿಯಲ್ಲಿ ಕಳೆಯುವುದಿಲ್ಲವಾದ್ದರಿಂದ ಬಿಡುವುದೇ ದಡ್ಡತನ. ಪರಸ್ಪರ ವಿರುದ್ಧವಾದ ಇಂಥ ಅಭ್ಯಾಸಗಳನ್ನು ಏಕಕಾಲಕ್ಕೆ ರೂಢಿಸಿಕೊಳ್ಳಬೇಕಾದ ಮನಸ್ಸು ಯಾವುದರಲ್ಲಿಯೂ ಪೂರ್ಣವಾಗಿ ನೆಲೆಗೊಳ್ಳದಿದ್ದರೆ ಅದು ಆಶ್ಚರ್ಯವಲ್ಲ.

ಎರಡನೆಯದು ಗಡಿಯಾರದ ಲೆಕ್ಕ. ಡೊಂಬಿವಲಿಯ ಹುಡುಗಿಯೊಬ್ಬಳು ಊರಿನ ಕಾಲೇಜನ್ನು ಮುಗಿಸಿಕೊಂಡು ಥಾಣೆಯ ಕ್ಲಾಸಿಗೆ ಹೋಗುವಳೆಂದು ಇಟ್ಟುಕೊಳ್ಳೋಣ. ನಡುವಿನ ದೂರ ಸುಮಾರು 14 ಕಿಲೋಮೀಟರು. ವೇಳಾಪಟ್ಟಿಯ ಪ್ರಕಾರ ಲೋಕಲ್ ಗಾಡಿ ಅದಕ್ಕೆ ಅರ್ಧ ಗಂಟೆಯನ್ನೂ ಬೇಡುವುದಿಲ್ಲ. ಆದರೆ ಮನೆಯಿಂದ ನಿಲ್ದಾಣಕ್ಕೆ ರಿಕ್ಷಾ, ಗರ್ದಿಯಲ್ಲಿ ಹತ್ತಲಾಗದೆ ಬಿಟ್ಟುಕೊಟ್ಟ ಒಂದು ಗಾಡಿ, ಸೇತುವೆ, ಅಲ್ಲಿಂದ ಮತ್ತೆ ನಡಿಗೆ, ಇವುಗಳನ್ನು ಕೂಡಿಸಿದರೆ ಹೋಗಿಬರುವುದಕ್ಕೆ ಎರಡೂವರೆ ಗಂಟೆ ಹಿಡಿಯುವುದು ಅತಿಶಯೋಕ್ತಿಯಾಗದು. ಕಲ್ಯಾಣದಿಂದ ನವಿ ಮುಂಬಯಿಗೆ ಹೋಗುವವರಾದರೆ ಥಾಣೆಯಲ್ಲಿ ಇಳಿದು ಇನ್ನೊಂದು ಗಾಡಿಯನ್ನೂ ಹಿಡಿಯಬೇಕು. ನಿದ್ರೆಗೆ 7 ಗಂಟೆ, ಪ್ರಯೋಗಶಾಲೆಯೂ ಸೇರಿ ಕಾಲೇಜಿಗೆ 5, ನಾಲ್ಕು ವಿಷಯಗಳ ಕ್ಲಾಸಿಗೆ 4, ಪ್ರಯಾಣಕ್ಕೆ ಎರಡೂವರೆ, ಸ್ನಾನ ಊಟಾದಿಗಳಿಗೆ ಎರಡೂವರೆ ಎಂದರೆ ದಿನದಲ್ಲಿ 21 ಗಂಟೆ ಸಂದವು. ಉಳಿದ ಮೂರು ಗಂಟೆಗಳನ್ನು ನಾಲ್ಕರಿಂದ ಭಾಗಿಸಿದರೆ ತಾನೇ ಕುಳಿತು ಓದುವುದಕ್ಕೆ ವಿಷಯವೊಂದಕ್ಕೆ ದಕ್ಕುವುದು ಮುಕ್ಕಾಲು ಗಂಟೆ. ಒಂದು ವಿಷಯ ಕಡಿಮೆಯಾಗಿ ಕ್ಲಾಸಿನಲ್ಲಿಯೂ ಒಂದು ಗಂಟೆ ಉಳಿದರೆ, ನಾಲ್ಕು ಗಂಟೆಗಳು ಮೂರು ವಿಷಯಗಳಿಗೆ ಹಂಚಿಕೆಯಾಗಿ ಒಂದೊಂದಕ್ಕೆ 80 ನಿಮಿಷ ಸಿಗುತ್ತದೆ. ಯಂತ್ರಶಾಸ್ತ್ರದ ಒಂದು ಕಠಿಣವಾದ ಲೆಕ್ಕದಲ್ಲಿ, ತನಗೆ ತಿಳಿಯದಿರುವುದು ಯಾವುದೆಂದು ತಿಳಿಯುವುದಕ್ಕೇ ಅರ್ಧ ಗಂಟೆ ಬೇಕಾಗುತ್ತದೆಂಬುದನ್ನು ಬಲ್ಲವರಿಗೆ, 45 ನಿಮಿಷಕ್ಕೂ 80 ನಿಮಿಷಕ್ಕೂ ಇರುವ ಭೇದವು ಬರಿಯ 35 ನಿಮಿಷಗಳದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ಸಮಾಜ ಕಂಡುಕೊಂಡ ಉಪಾಯವೆಂದರೆ ಹೆಸರನ್ನು ಕಾಲೇಜಿನಲ್ಲಿಟ್ಟು ಹುಡುಗನನ್ನು ಕ್ಲಾಸಿನಲ್ಲಿಡುವುದು. ಈ ಪದ್ಧತಿ ಎಷ್ಟು ಬೆಳೆಯಿತೆಂದರೆ 2018ರಲ್ಲಿ ರಾಜ್ಯ ಸರಕಾರವು ವಿಜ್ಞಾನ ಶಾಖೆಯ ಜೂನಿಯರ್ ಕಾಲೇಜುಗಳಲ್ಲಿ ಬಯೋಮೆಟ್ರಿಕ್ ಹಾಜರಿಯನ್ನು ವಿಧಿಸಬೇಕಾಯಿತು. ಬೆರಳಚ್ಚು ದೇಹದ ಹಾಜರಿಯನ್ನು ಸಾಧಿಸಬಲ್ಲುದೇ ಹೊರತು ಹೇರನ್ನು ಇಳಿಸಲಾರದು.

ಪ್ರತಿಪಕ್ಷದ ವಾದವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಹದಿನೈದರ ವಯಸ್ಸಿನಲ್ಲಿ ತನ್ನ ಒಲವನ್ನು ಯಾರು ತಾನೆ ಖಚಿತವಾಗಿ ಬಲ್ಲರು, ಇಂದು ಮುಚ್ಚಿದ ಬಾಗಿಲನ್ನು ನಾಳೆ ಯಾರು ತೆರೆಯುವರು, ಒಂದು ವಿಷಯ ಹೆಚ್ಚಾದರೆ ನಷ್ಟವೇನು ಎಂದು ತಂದೆತಾಯಿಗಳು ಕೇಳಿದರೆ ಅದು ವಾತ್ಸಲ್ಯದ ಪ್ರಶ್ನೆ, ಅವಿವೇಕದ್ದಲ್ಲ. ನಾಲ್ಕು ವಿಷಯಗಳನ್ನೂ ಸುಖವಾಗಿ ಓದುವ ಮಕ್ಕಳಿದ್ದಾರೆ, ಅವರು ಓದಲಿ. ಆದರೆ ಎಲ್ಲ ಬಾಗಿಲುಗಳನ್ನೂ ತೆರೆದಿಡುವುದೆಂದರೆ ಯಾವ ಕೋಣೆಯಲ್ಲಿಯೂ ನಿಶ್ಚಿಂತೆಯಾಗಿ ಕುಳಿತಿರಲಾಗದೆಂದೂ ಅರ್ಥವಾಗುತ್ತದೆ. ಒಲವು ಹುಟ್ಟುವುದಾದರೂ ಒಂದು ಕೋಣೆಯಲ್ಲಿ ಸಾಕಷ್ಟು ಹೊತ್ತು ಕುಳಿತಮೇಲೆಯೇ. ಅಷ್ಟಲ್ಲದೆ ಬಾಗಿಲುಗಳು ನಾವು ಭಾವಿಸಿದಷ್ಟು ಭದ್ರವಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಹನ್ನೆರಡನೆಯ ತರಗತಿಯಾದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿದೆ. ತಡವಾಗಿ ಮನಸ್ಸು ಬದಲಾಯಿಸಿದವನಿಗೆ ಒಂದು ವರ್ಷ ನಷ್ಟವಾಗಬಹುದು. ಎರಡು ವರ್ಷ ಯಾವುದನ್ನೂ ನೆಟ್ಟಗೆ ಓದದವನ ನಷ್ಟ ಅದಕ್ಕಿಂತ ದೊಡ್ಡದು.

ಮುಂಬಯಿ ಕನ್ನಡಿಗರಲ್ಲಿ ಈ ಹೇರಿಗೆ ಇನ್ನೊಂದು ಕಾರಣವಿದೆಯೆಂದು ನನಗೆ ತೋರುತ್ತದೆ. ಊರು ಬಿಟ್ಟು ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕೈಯ ಹಿಟ್ಟಿನ ವಾಸನೆ ಆರುವ ಮೊದಲೇ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತ ಒಂದು ತಲೆಮಾರು ಈ ನಗರದಲ್ಲಿ ಆಗಿಹೋಗಿದೆ. ಆ ತಲೆಮಾರಿನ ಮಕ್ಕಳೂ ಮೊಮ್ಮಕ್ಕಳೂ ಇಂದು ಗದ್ದಲದ ಮುಂಬಯಿಯಿಂದ ಉಪನಗರಗಳಿಗೆ ಸರಿದು ಸ್ವಂತ ಮನೆ ಮಾಡಿಕೊಂಡಿದ್ದಾರೆ. ‘ನಾವು ಅಷ್ಟು ಕಷ್ಟದಲ್ಲಿ ಓದಿದೆವು, ಎಲ್ಲ ಸೌಕರ್ಯವಿರುವ ನಿನಗೆ ನಾಲ್ಕು ವಿಷಯ ಹೆಚ್ಚೇ?’ ಎಂಬ ಮಾತು ಅಂಥ ಮನೆಗಳಲ್ಲಿ ಸಹಜವಾಗಿ ಬರುತ್ತದೆ. ಆದರೆ ರಾತ್ರಿಶಾಲೆಯ ಆ ಹುಡುಗನ ಬಾಳಿನಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ಅವನ ಮುಂದಿದ್ದದ್ದು ಮ್ಯಾಟ್ರಿಕ್ ಎಂಬ ಒಂದೇ ಗುರಿ. ಆಯಾಸಗೊಂಡ ಮೈಯೇ ಅವನಿಗೆ ಹೇರಿನ ಮಿತಿಯನ್ನು ತಿಳಿಸಿಕೊಡುತ್ತಿತ್ತು. ಅವನು ಗೆದ್ದದ್ದು ಹೆಚ್ಚು ಹೊತ್ತುದರಿಂದಲ್ಲ, ಹೊತ್ತುದನ್ನು ದಾರಿಯಲ್ಲಿ ಇಳಿಸದೆ ನಡೆದುದರಿಂದ.

ಓದಿನ ಭಾರವೆಂದರೇನೆಂಬುದನ್ನು ನಮ್ಮ ದೇಶ ಒಮ್ಮೆ ಗಂಭೀರವಾಗಿ ಆಲೋಚಿಸಿತ್ತು. ಮೈಸೂರಿನಲ್ಲಿ ನೆಲೆಸಿ ಬರೆದ ಆರ್. ಕೆ. ನಾರಾಯಣರು ರಾಜ್ಯಸಭೆಗೆ ನಾಮಕರಣಗೊಂಡಾಗ ಅಲ್ಲಿ ಮಾತಾಡಿದ್ದು ಶಾಲೆಯ ಮಕ್ಕಳ ಬೆನ್ನಿನ ಚೀಲವನ್ನು ಕುರಿತು. ತರುವಾಯ ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ವರದಿಯನ್ನಿತ್ತಿತು. ಆ ವರದಿಯ ನಿಜವಾದ ಒಳನೋಟವು ಚೀಲದ ತೂಕವನ್ನು ಕುರಿತದ್ದಲ್ಲ. ಅರ್ಥವಾಗದೆ ಓದುವುದೇ ಚೀಲಕ್ಕಿಂತ ಕ್ರೂರವಾದ ಭಾರವೆಂಬುದು ಅದರ ತಾತ್ಪರ್ಯ. ಈ ತತ್ತ್ವವನ್ನು ನಮ್ಮ ಪ್ರಶ್ನೆಗೆ ಅನ್ವಯಿಸಿದರೆ, ಸಹ್ಯವಾದ ಹೇರು ಯಾವುದೆಂಬುದಕ್ಕೆ ಒಂದು ಒರೆಗಲ್ಲು ದೊರೆಯುತ್ತದೆ. ಅರ್ಥವಾದ ಐದು ವಿಷಯಗಳು ಹಗುರ. ಅರ್ಥವಾಗದ ಎರಡೇ ವಿಷಯಗಳು ಭಾರ. ಆದಕಾರಣ ವಿಷಯಗಳ ಸಂಖ್ಯೆಯನ್ನಷ್ಟೇ ಎಣಿಸದೆ, ಆಯಾ ವಿಷಯವನ್ನು ಅರ್ಥಮಾಡಿಕೊಳ್ಳುವುದಕ್ಕೆ ಈ ಮಗುವಿಗೆ ಬೇಕಾಗುವ ಕಾಲವನ್ನು ಎಣಿಸಬೇಕು.

ಇಷ್ಟು ಹೇಳಿದುದರಿಂದ ಹಗುರವಾದದ್ದೇ ಲೇಸೆಂದು ಯಾರೂ ತಿಳಿಯಬಾರದು. ಶಕ್ತಿಗಿಂತ ಕಡಿಮೆ ಹೇರಿದ ಎತ್ತು ದಾರಿಯ ಹುಲ್ಲಿಗೆ ಬಾಯಿ ಹಾಕುತ್ತದೆ. ಗಣಿತದಲ್ಲಿ ನಿಜವಾಗಿ ಚುರುಕಾದ ಹುಡುಗಿಗೆ ಭಯದಿಂದ ಗಣಿತವನ್ನು ಬಿಡಿಸುವುದು ಅವಳಿಗೆ ಮಾಡುವ ಅನ್ಯಾಯ. ಹೇರನ್ನು ಇಳಿಸುವಾಗ ಯಾವುದನ್ನು ಇಳಿಸುತ್ತೇವೆಂಬುದೂ ಮುಖ್ಯ. ಸಾಮಾನ್ಯವಾಗಿ ಮೊದಲು ಕೆಳಗೆ ಬೀಳುವುದು ಭಾಷೆ. ಮಂಡಳಿಯ ವಿಷಯಗಳಲ್ಲಿ ಕನ್ನಡವೂ ಉಂಟು; ಆದರೆ ಸುಲಭವಾಗಿ ಅಂಕ ಬರುವುದೆಂಬ ಕಾರಣಕ್ಕೆ ಮಾಹಿತಿ ತಂತ್ರಜ್ಞಾನವು ಆ ಸ್ಥಳವನ್ನು ಆಕ್ರಮಿಸುತ್ತದೆ. ಮೂರು ವಿಜ್ಞಾನಗಳ ನಡುವೆ ದಿನಕ್ಕೊಮ್ಮೆ ಒಂದು ಕತೆಯನ್ನೋ ಪದ್ಯವನ್ನೋ ಓದುವ ವಿದ್ಯಾರ್ಥಿಗೆ ಅದು ಹೇರಲ್ಲ, ಹೆಗಲು ಬದಲಿಸುವ ಎಡೆ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞಾನವನ್ನು ವೃತ್ತಿಯಾಗಿ ಹಿಡಿದು ಇದೇ ಮುಂಬಯಿಯಲ್ಲಿ ಕನ್ನಡ ಕಾದಂಬರಿಗಳನ್ನು ಬರೆದರೆಂಬುದನ್ನು ನೆನೆದರೆ, ವಿಜ್ಞಾನಕ್ಕೂ ಭಾಷೆಗೂ ಹಗೆಯಿಲ್ಲವೆಂಬುದು ವಿದಿತವಾಗುತ್ತದೆ.

ಹಾಗಾದರೆ ನಿರ್ಣಯ ಹೇಗೆ? ಪ್ರವೇಶದ ಅರ್ಜಿಯನ್ನು ತುಂಬುವ ಮೊದಲು ಮಗು ತನ್ನ ದಿನದ 24 ಗಂಟೆಗಳನ್ನು ತಾನೇ ಒಂದು ಹಾಳೆಯಲ್ಲಿ ಬರೆಯಲಿ, ಪ್ರಯಾಣವನ್ನು ಪ್ರಾಮಾಣಿಕವಾಗಿ ಸೇರಿಸಲಿ. ಯಾವ ವಿಷಯದ ಪುಸ್ತಕವನ್ನು ಮಗು ಯಾರೂ ಹೇಳದೆ ತೆರೆಯುತ್ತದೆಂಬುದನ್ನು ತಂದೆತಾಯಿಗಳು ಗಮನಿಸಲಿ. ನಾಲ್ಕನ್ನು ತೆಗೆದುಕೊಂಡದ್ದೇ ಆದರೆ, ಮೊದಲ ಘಟಕ ಪರೀಕ್ಷೆಯಾದ ಮೇಲೆ ಮತ್ತೊಮ್ಮೆ ಕುಳಿತು ಕೇಳಲಿ: ಕಲಿತುದನ್ನು ಪುಸ್ತಕ ಮುಚ್ಚಿ ತಂಗಿಗೆ ವಿವರಿಸಬಲ್ಲೆಯಾ? ಬಲ್ಲೆನೆಂದರೆ ಹೇರು ಸರಿಯಾಗಿದೆ. ಇಲ್ಲವೆಂದರೆ ಒಂದನ್ನು ಇಳಿಸುವುದು ಸೋಲಲ್ಲ, ಲೆಕ್ಕ.

ನಮ್ಮ ಸಂಘಗಳಲ್ಲಿಯೂ ಒಂದು ಬಿನ್ನಹ. ಹೆಚ್ಚು ಅಂಕ ಪಡೆದ ಮಕ್ಕಳಿಗೆ ವೇದಿಕೆಯ ಮೇಲೆ ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿದೆ, ಒಳ್ಳೆಯದೇ. ಅದೇ ಸಭಾಗೃಹದಲ್ಲಿ, ಹತ್ತನೆಯದನ್ನು ಈಗತಾನೆ ಮುಗಿಸಿದ ಮಕ್ಕಳನ್ನೂ ಅವರ ಹೆತ್ತವರನ್ನೂ, ಹಿಂದಿನ ವರ್ಷ ಪಿಸಿಎಂಬಿ ಓದಿದವರನ್ನೂ ಒಂದು ವಿಷಯ ಬಿಟ್ಟವರನ್ನೂ ಒಂದು ಭಾನುವಾರ ಎದುರುಬದುರು ಕೂಡಿಸಿ, ಭಾಷಣವಿಲ್ಲದೆ ಎರಡು ಗಂಟೆ ಮಾತಾಡಬಿಡಿ. ಅರ್ಜಿ ತುಂಬುವ ದಿನಗಳು ಮುಗಿಯುವುದರೊಳಗೆ ಅದು ನಡೆಯಲಿ; ಶಾಲು ಡಿಸೆಂಬರಿನವರೆಗೆ ಕಾಯಬಲ್ಲುದು.