ಪೆಟ್ರೋಲಿನ ಸೀಸ ಹೋಯಿತು, ಅಂಗಿಯ ಸೀಸ?

ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಾಗಲಿ, ಕೆ.ಆರ್. ಪುರದ ಬ್ಯಾಟರಿ ಅಂಗಡಿಯಲ್ಲಾಗಲಿ ಸೀಸದ ಮಾತೆತ್ತಿದರೆ ಉತ್ತರ ಸಿದ್ಧವಾಗಿರುತ್ತದೆ: "ಅದೆಲ್ಲ ಪೆಟ್ರೋಲಿನ ಕಾಲದ್ದು, ಮುಗಿದ ಕತೆ." ಪೆಟ್ರೋಲಿನ ಮಟ್ಟಿಗೆ ನಿಜವೇ. 2000ದಲ್ಲಿ ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಈ ವಿಷದ ಬೆನ್ನು ಹತ್ತಿದ ಡಾ. ತುಪ್ಪಿಲ್ ವೆಂಕಟೇಶ್ ಕೆಲಸ ಮಾಡಿದ್ದೂ ನಮ್ಮದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ, 2020ರಲ್ಲಿ, ಯುನಿಸೆಫ್ ಮತ್ತು ಪ್ಯೂರ್ ಅರ್ತ್ ವರದಿ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮೀರಿದ ಸೀಸವಿದೆಯೆಂದು ಅಂದಾಜಿಸಿತು. ಇವರಲ್ಲಿ ಬಹುಪಾಲು ಮಕ್ಕಳು ಸೀಸದ ಪೆಟ್ರೋಲಿನ ಹೊಗೆ ಕಂಡವರೇ ಅಲ್ಲ.

"ನಾವೇನು ಸೀಸ ಕಾಯಿಸುತ್ತೇವಾ? ಬಿಚ್ಚಿ ಮಾರುತ್ತೇವಷ್ಟೆ" ಎನ್ನುವುದು ಗುಜರಿಯವರ ವಾದ. ಸೀಸ 327 ಡಿಗ್ರಿಗೇ ಕರಗುತ್ತದೆ. ರೇಡಿಯೇಟರಿನ ಬೆಸುಗೆ ಬಿಡಿಸಲು ಉರಿ ಹಿಡಿಯುವುದೂ ಕಾಯಿಸುವುದೇ. ಅದನ್ನೂ ಬಿಡೋಣ. ಒಡೆದ ಬ್ಯಾಟರಿಯ ಫಲಕಗಳಿಗೆ ಮೆತ್ತಿದ ಲೇಪ ಒಣಗಿದರೆ ಪುಡಿ. ಆ ಪುಡಿ ಉಗುರಿಗೆ, ಬೀಡಿಗೆ, ಚಹಾದ ಜೊತೆಗಿನ ಬನ್ನಿಗೆ, ಸಂಜೆ ಅಂಗಿಯ ಜೊತೆ ಮನೆಗೆ. ಕೆಳಗೆ ಅಂಗಡಿ, ಮೇಲೆ ಸಂಸಾರ ಇರುವ ಗಲ್ಲಿಯಲ್ಲಿ ಅದಕ್ಕೆ ಮೆಟ್ಟಿಲು ಹತ್ತಿದರೆ ಸಾಕು. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹತ್ತರಲ್ಲೊಂದು ಪಾಲು ಹೀರಿದರೆ, ಎಳೆಯ ಮಕ್ಕಳ ಮೈ ಅರ್ಧದವರೆಗೂ ಹೀರುತ್ತದೆ. ದುಡಿದವನಿಗಿಂತ ತೊಡೆಯೇರಿದ ಕೂಸಿಗೇ ಹೆಚ್ಚು ಕೂಲಿ!

"ಹಾಲು ಕುಡಿಯುತ್ತೇವೆ, ಬೆಲ್ಲ ತಿನ್ನುತ್ತೇವೆ." ಕುಡಿಯಲಿ, ಕ್ಯಾಲ್ಸಿಯಂ, ಕಬ್ಬಿಣಾಂಶ ಕಡಿಮೆಯಿದ್ದ ಮೈಗೆ ಸೀಸ ಬೇಗ ಹತ್ತುತ್ತದೆ. ಆದರೆ ಒಳಸೇರಿದ್ದನ್ನು ಹಾಲೂ ತೊಳೆಯದು, ಬೆಲ್ಲವೂ ತೊಳೆಯದು. "ಮೂವತ್ತು ವರ್ಷದಿಂದ ಇದೇ ಕೆಲಸ, ನನಗೇನಾಗಿದೆ?" ಎನ್ನುವವರ ಮೂಳೆಯಲ್ಲಿ ಅದು ದಶಕಗಟ್ಟಲೆ ಕೂತಿರುತ್ತದೆ. ಏರಿದ ಬಿಪಿಗೆ ಬ್ಯಾಟರಿಯನ್ನು ಯಾರು ದೂರುತ್ತಾರೆ?

"ಪೇಂಟ್ ಡಬ್ಬಿಯ ಮೇಲೆ ಸೀಸರಹಿತ ಅಂತಿದೆಯಲ್ಲ." ಸರಿ, 2017ರ ನವೆಂಬರಿನಿಂದ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಆದರೆ ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳ ಮಂಕಿ ಟಾಪ್ ಕಿಟಕಿಗಳ ಮೇಲೆ ತಲೆಮಾರುಗಳ ಬಣ್ಣ ಪದರಗಟ್ಟಿದೆ. ಹೊಸ ಡಬ್ಬಿ ತೆರೆಯುವ ಮುಂಚೆ ಅದನ್ನು ಎಮರಿ ಕಾಗದದಲ್ಲಿ ಒಣದಾಗಿ ಉಜ್ಜುವವನನ್ನು ಡಬ್ಬಿಯ ಚೀಟಿ ಕಾಪಾಡುವುದಿಲ್ಲ. ನೀರು ಹಾಕಿ ಉಜ್ಜಿಸಿ, ಆ ಹೊತ್ತು ಮಕ್ಕಳನ್ನು ಬೇರೆಡೆ ಕಳಿಸಿ.

ಕಣ್ಣಿಗೆ ಹಚ್ಚುವ ಸುರ್ಮಾ ಸಂಪ್ರದಾಯ ಎನ್ನುವವರಿಗೆ: ಸುರ್ಮಾ ಕಲ್ಲು ಎಷ್ಟೋ ಸಲ ಸೀಸದ ಸಲ್ಫೈಡೇ. ಹಾಗೆಂದು ಒಂದು ಸಮುದಾಯದತ್ತ ಬೊಟ್ಟು ಮಾಡುವವರು ತಮ್ಮ ಮನೆಯ ಸಿಂಧೂರದಲ್ಲಿ ಕೆಂಪು ಸೀಸವಿದೆಯೇ, ಕಣ್ಣು ಕುಕ್ಕುವ ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆತಿದೆಯೇ ಎಂದೂ ವಿಚಾರಿಸಲಿ.

ಕೊನೆಗೆ, "ಹಾಗಾದರೆ ಅಂಗಡಿ ಮುಚ್ಚಿಸುತ್ತೀರಾ?" ಇದೊಂದೇ ನನಗೆ ತೂಕದ ಪ್ರಶ್ನೆ ಅನಿಸುವುದು. ಮುಚ್ಚಿಸಿದರೆ ಅದೇ ಕೆಲಸ ಇನ್ನೊಂದು ಹಿತ್ತಿಲಿಗೆ ಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆ ಸೀಸದ ವಿಷವನ್ನು ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು, ಆದರೆ ನಾಲ್ಕಾಳಿನ ಶೆಡ್ಡು ಕಾರ್ಖಾನೆಯ ಲೆಕ್ಕಕ್ಕೇ ಬರುವುದಿಲ್ಲ. 2022ರ ನಿಯಮಗಳು ಹಳೆ ಬ್ಯಾಟರಿ ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಗಲ್ಲಿಯ ಅಂಗಡಿಗೆ ನಲ್ಲಿ, ಸಾಬೂನು, ಕೆಲಸದ ಬಟ್ಟೆ ಬಿಚ್ಚಿಡುವ ಜಾಗ ಒದಗಿಸುವ ಖರ್ಚೂ ಅವರದೇ ಆಗಲಿ. ಬೌರಿಂಗ್ ಆಸ್ಪತ್ರೆ ಶಿವಾಜಿನಗರದಲ್ಲೇ ಇದೆ. ಈ ಗಲ್ಲಿಗಳ ಮಕ್ಕಳ ರಕ್ತದ ಸೀಸವನ್ನು ಅಲ್ಲಿ ವರ್ಷಕ್ಕೊಮ್ಮೆ ಪುಕ್ಕಟೆ ಅಳೆಯಲಿ.