ಹಾಡುವಾಗ ಇಲ್ಲದ ಉಗ್ಗು ಮಾತಾಡುವಾಗ ಏಕೆ?

"ಪ್ರಾರ್ಥನೇಲಿ ಸರಾಗವಾಗಿ ಹಾಡ್ತಾನೆ, ಹೆಸರು ಕೇಳಿದ್ರೆ ಮಾತ್ರ ತಡವರಿಸ್ತಾನೆ. ಬರೀ ನಾಟಕ!" ಉಗ್ಗುವ ಮಕ್ಕಳನ್ನು ಸಹಪಾಠಿಗಳು ಅಣಕಿಸುವುದರ ಹಿಂದೆ ಇಂತಹ ಅನುಮಾನವೂ ಇರುತ್ತದೆ.

ಇದು ನಾಟಕವಲ್ಲ. ಹಾಡುವಾಗ, ಎಲ್ಲರೊಡನೆ ದನಿಗೂಡಿಸಿ ಓದುವಾಗ ಉಗ್ಗು ಬಹುಮಟ್ಟಿಗೆ ಮಾಯವಾಗುವುದು ಈ ತೊಂದರೆಯ ಲಕ್ಷಣವೇ. ತಮ್ಮ ಹೆಸರು ಹೇಳುವುದೇ ಹಲವರಿಗೆ ಅತಿ ಕಷ್ಟ. ಅದಕ್ಕೆ ಬದಲಿ ಪದವಿಲ್ಲವಲ್ಲ! ಸುಮಾರು 5% ಮಕ್ಕಳು ಬಾಲ್ಯದಲ್ಲಿ ಉಗ್ಗುತ್ತಾರೆ, ಹೆಚ್ಚಿನವರಲ್ಲಿ ಅದು ತಾನಾಗಿಯೇ ಹೋಗುತ್ತದೆ. ಮಿದುಳು ಮಾತನ್ನು ನಿಯಂತ್ರಿಸುವ ಬಗೆ, ಅನುವಂಶೀಯತೆ ಎರಡಕ್ಕೂ ಇದರಲ್ಲಿ ಪಾತ್ರವಿದೆ. ಹೆದರಿಕೆ ಉಗ್ಗನ್ನು ಹೆಚ್ಚಿಸಬಹುದು, ಆದರೆ ಅದೇ ಮೂಲಕಾರಣವಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ವಾಸಿಯಾಗುವಂಥದ್ದೂ ಅಲ್ಲ.

ಅಣಕಕ್ಕೆ ಅಂಜಿದ ಮಗು ಉತ್ತರ ಗೊತ್ತಿದ್ದರೂ "ಗೊತ್ತಿಲ್ಲ" ಎನ್ನುತ್ತದೆ. "ಈಗ ಉಗ್ಗು ಕಡಿಮೆಯಾಗಿದೆ" ಎಂದು ಮನೆಯವರು ಸಮಾಧಾನಪಡುತ್ತಾರೆ. ಎಷ್ಟೋ ಸಲ ಕಡಿಮೆಯಾಗಿರುವುದು ಮಾತು!

"ತಲೆ ಕೆಡಿಸ್ಕೋಬೇಡ" ಎಂದರೆ ಸಾಲದು. "ಹೌದು, ನಂಗೆ ಉಗ್ಗು ಇದೆ. ಸ್ವಲ್ಪ ತಡಿ, ಹೇಳ್ತೀನಿ" ಎಂಬ ಉತ್ತರವನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಮುಚ್ಚಿಡುವುದೇನೂ ಇಲ್ಲದಿದ್ದರೆ ಕೆಣಕುವವರಿಗೆ ಮಜಾ ಸಿಗುವುದಿಲ್ಲ. ಆದರೆ ದಿನವೂ ಕಾಡುವವರನ್ನು ತಡೆಯುವುದು ಮಗುವಿನ ಕೆಲಸವಲ್ಲ, ಶಿಕ್ಷಕರದು. ಮಗು ಒಪ್ಪಿದರೆ ಅವರು ತರಗತಿಗೇ ಉಗ್ಗಿನ ಬಗ್ಗೆ ವಿವರಿಸಬಹುದು. ಪಾಠವನ್ನು ಎಲ್ಲರಿಂದಲೂ ಜೋಡಿಯಾಗಿ ಓದಿಸಬಹುದು. ಹಾಜರಿ ಕರೆದಾಗ ಕೈ ಎತ್ತಿದರೂ ನಡೆಯುತ್ತದೆ.

ವಾಕ್ ಚಿಕಿತ್ಸೆಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಣಕವನ್ನು ಎದುರಿಸುವ ಬಗ್ಗೆಯೂ ವಾಕ್ ತಜ್ಞರನ್ನು ಕೇಳಬಹುದು.