ಹೋಟೆಲ್ ಗ್ರೇವಿಯ ಗುಟ್ಟು

ಅದೇ ಈರುಳ್ಳಿ, ಅದೇ ಟೊಮೆಟೊ, ಅದೇ ಗರಂ ಮಸಾಲೆ. ಆದರೂ ಮನೆಯ ಪನೀರ್ ಮಸಾಲೆಗೆ ಹೋಟೆಲಿನ ರುಚಿ ಬರಲಿಲ್ಲವೆಂದು ಮಕ್ಕಳು ಮುಖ ಸಿಂಡರಿಸುವುದುಂಟು. ಬಾಣಸಿಗನ ಬಳಿ ಮಂತ್ರದಂಡವೇನೂ ಇಲ್ಲ. ಅವನ ಒಲೆಯ ಪಕ್ಕದಲ್ಲಿ ಮೊದಲೇ ತಯಾರಿಸಿಟ್ಟ ಎರಡು ಮೂರು ಬಗೆಯ ಗ್ರೇವಿ ಇರುತ್ತದೆ. ಗಿರಾಕಿ ಕೇಳಿದೊಡನೆ ಅದರಲ್ಲಿ ಒಂದೆರಡು ಸೌಟು ಬಾಣಲೆಗೆ ಹಾಕಿ, ಪನೀರನ್ನೋ ಬಟಾಣಿಯನ್ನೋ ಸೇರಿಸುತ್ತಾನೆ, ಅಷ್ಟೆ.

ಇವುಗಳಲ್ಲಿ ಮುಖ್ಯವಾದವು ಕಂದು, ಬಿಳಿ ಮತ್ತು ಕೆಂಪು ಗ್ರೇವಿಗಳು. ಕಂದಿಗೂ ಬಿಳಿಗೂ ಇರುವ ವ್ಯತ್ಯಾಸಕ್ಕೆ ಕಾರಣ ಮಸಾಲೆಗಿಂತ ಹೆಚ್ಚಾಗಿ ಉಷ್ಣತೆ.

ಈರುಳ್ಳಿಯ ತೂಕದಲ್ಲಿ ಶೇಕಡಾ 90ರಷ್ಟು ನೀರೇ. ಎಣ್ಣೆಯಲ್ಲಿ ಹುರಿಯುವಾಗ ಈ ನೀರು ಆರುವವರೆಗೆ ಈರುಳ್ಳಿಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿ ಉಷ್ಣತೆ 140 ಡಿಗ್ರಿಯ ಹತ್ತಿರ ಬಂದಾಗ ಸಕ್ಕರೆ ಮತ್ತು ಅಮೈನೊ ಆಮ್ಲಗಳು ವೇಗವಾಗಿ ವರ್ತಿಸಿ, ಕಂದು ಬಣ್ಣವೂ ಹೊಸ ಪರಿಮಳವೂ ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್. ದೋಸೆಯನ್ನು ಕೆಂಪಗೆ ಗರಿಗರಿಯಾಗಿಸುವುದೂ ಇದೇ ಮೈಯಾರ್ ಕ್ರಿಯೆ. ಈರುಳ್ಳಿ ಇನ್ನೂ ಬೆಳ್ಳಗಿರುವಾಗಲೇ ಅವಸರದಿಂದ ಟೊಮೆಟೊ ಸುರಿದರೆ ಅದರ ನೀರು ಉಷ್ಣತೆಯನ್ನು ತಗ್ಗಿಸುತ್ತದೆ, ಹುಳಿ ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಮನೆಯ ಗ್ರೇವಿ ಸಪ್ಪೆಯಾಗುವುದು ಬಹುಮಟ್ಟಿಗೆ ಇಲ್ಲೇ.

ಬಿಳಿ ಗ್ರೇವಿಗೆ ಈರುಳ್ಳಿಯನ್ನು ಗೋಡಂಬಿಯೊಡನೆ ನೀರಿನಲ್ಲಿ ಬೇಯಿಸಿ ಅರೆಯುತ್ತಾರೆ. ಉಷ್ಣತೆ 100 ಡಿಗ್ರಿ ದಾಟದ ಕಾರಣ ಬಣ್ಣ ಏರುವುದಿಲ್ಲ. ಗಂಧಕದ ಘಾಟು ಹಬೆಯೊಡನೆ ಹೋಗಿ ಸಿಹಿ ಉಳಿಯುತ್ತದೆ. ಗೋಡಂಬಿಯ ಪಿಷ್ಟ ಗ್ರೇವಿಯನ್ನು ಮಂದವಾಗಿಸುತ್ತದೆ. ಬ್ರಿಟನ್ನಿನ ಕರಿ ಹೋಟೆಲುಗಳಲ್ಲೂ ಮೂಲ ಗ್ರೇವಿಗೆ ಈರುಳ್ಳಿಯನ್ನು ಬೇಯಿಸಿಯೇ ಅರೆಯುವುದು. ಆದರೆ ಅದನ್ನು ಆಮೇಲೆ ಸ್ವಲ್ಪಸ್ವಲ್ಪವಾಗಿ ಕಾದ ಬಾಣಲೆಗೆ ಹಾಕಿ, ಜೋರು ಉರಿಯಲ್ಲಿ ಇಂಗಿಸಿ ಪರಿಮಳ ಬರಿಸುತ್ತಾರೆ.

ಕೆಂಪು, ಅಂದರೆ ಮಖನಿ ಗ್ರೇವಿಯಲ್ಲಿ ಟೊಮೆಟೊದ್ದೇ ದರ್ಬಾರು. ಅದರ ಕೆಂಪು ವರ್ಣದ್ರವ್ಯವಾದ ಲೈಕೋಪಿನ್ ಕೊಬ್ಬಿನಲ್ಲಿ ಕರಗುವುದರಿಂದ ಮೇಲೆ ತೇಲುವ ಬೆಣ್ಣೆಯೂ ರಂಗೇರುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ತೂಕದ ಎರಡು ಪಾಲು ಈರುಳ್ಳಿ ತೆಗೆದುಕೊಳ್ಳಿ. ಹಿರಿಯರ ಸಮ್ಮುಖದಲ್ಲಿ ಒಂದನ್ನು ಬೇಯಿಸಿ, ಇನ್ನೊಂದನ್ನು ಕಂದಾಗುವಂತೆ ಹುರಿಯಿರಿ. ಎಣ್ಣೆ, ಟೊಮೆಟೊ, ಉಪ್ಪು, ಮಸಾಲೆ ಎರಡಕ್ಕೂ ಸಮನಾಗಿರಲಿ. ಕಣ್ಣು ಕಟ್ಟಿ ಮನೆಯವರಿಗೆ ರುಚಿ ತೋರಿಸಿ. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡುವುದೇ ಪ್ರಯೋಗದ ಮೊದಲ ಪಾಠ.

ತಂದೆತಾಯಂದಿರಿಗೆ ಒಂದು ಮಾತು. ಹೋಟೆಲಿನಂತೆ ಒಮ್ಮೆಗೇ ಹೆಚ್ಚು ಗ್ರೇವಿ ಮಾಡಿಟ್ಟರೆ ಅನುಕೂಲ ನಿಜ. ಆದರೆ ದೊಡ್ಡ ಪಾತ್ರೆ ಬಹಳ ನಿಧಾನವಾಗಿ ಆರುತ್ತದೆ. 60ರಿಂದ 5 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ, ಆರುವಾಗ ಮತ್ತೆ ಚಿಗುರುತ್ತವೆ. ಅವು ಬಿಟ್ಟ ಕೆಲವು ವಿಷಗಳು ಮರುದಿನ ಕುದಿಸಿದರೂ ನಾಶವಾಗುವುದಿಲ್ಲ. 'ಬಿಸಿ ಮಾಡಿದರಾಯಿತು' ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಗ್ರೇವಿಯನ್ನು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು, ಮೂರು ದಿನದೊಳಗೆ ಮುಗಿಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಮಾಡುವುದು ಜಾಣತನ.